ಬೂಷ್ಟಿನಲ್ಲಿ ಸಂಜೀವಿನಿಯನ್ನು ಕಂಡ ಫ್ಲೆಮಿಂಗ್

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ನಾಡುನುಡಿಗಳಿಗಾಗಿ ಬಾಳನ್ನು ಸವೆಸಿದ ಹಿರಿಯರ ಚರಿತ್ರೆಯನ್ನು ಬರೆಯುವುದು ವಾಡಿಕೆ. ಈ ಬಾರಿ ನಾನು ಬರೆಯಹೊರಟಿರುವ ಮಹನೀಯನು ಕನ್ನಡಿಗನಲ್ಲ, ಭಾರತೀಯನೂ ಅಲ್ಲ. ಆದರೂ ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಆತನ ಉಪಕಾರವನ್ನು ಒಂದಲ್ಲ ಒಂದು ದಿನ ಪಡೆಯದ ಮನೆ ಇರಲಾರದು. ಮಗುವಿನ ಮೈ ಕೆಂಡದಂತೆ ಸುಡುತ್ತಿರುವಾಗ ವೈದ್ಯರು ಬರೆದುಕೊಟ್ಟ ಸಿಹಿ ವಾಸನೆಯ ಔಷಧವನ್ನು ಕುಡಿಸಿ, ಎರಡು ದಿನಗಳಲ್ಲಿ ಮಗು ಮತ್ತೆ ಅಂಗಳದಲ್ಲಿ ಓಡಾಡುವುದನ್ನು ಕಂಡು ನಿಟ್ಟುಸಿರು ಬಿಟ್ಟ ತಾಯಿತಂದೆಗಳೆಲ್ಲರೂ ಆತನಿಗೆ ಋಣಿಗಳು. ಆತನೇ ಪೆನಿಸಿಲಿನ್ನನ್ನು ಕಂಡ ಸರ್ ಅಲೆಗ್ಸಾಂಡರ್ ಫ್ಲೆಮಿಂಗ್.

ನಾನು ಬ್ಯಾಂಕಿನಲ್ಲಿ ಗುಮಾಸ್ತೆ. ಓದಿದ್ದು ವಾಣಿಜ್ಯಶಾಸ್ತ್ರ. ವೈದ್ಯವಿದ್ಯೆಗೂ ನನಗೂ ಬಲು ದೂರ. ಹೀಗಿರುವ ನಾನು ಈ ಚರಿತ್ರೆಯನ್ನು ಏಕೆ ಕೈಗೆತ್ತಿಕೊಂಡೆನೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಾದ ಒಂದು ರಾತ್ರಿಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡ ಮಗಳಿಗೆ ಗಂಟಲು ನೋವು, ಜ್ವರ ಬಂದು ವೈದ್ಯರು ಅಮಾಕ್ಸಿಸಿಲಿನ್ ಎಂಬ ಔಷಧವನ್ನು ಬರೆದುಕೊಟ್ಟಿದ್ದರು. ಇದು ಪೆನಿಸಿಲಿನ್ನಿನ ವಂಶದ್ದೇ. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಇನ್ನೇಕೆ ಔಷಧವೆಂದು ನಾನೇ ನಿಲ್ಲಿಸಿದೆ. ಅರ್ಧ ಉಳಿದ ಸೀಸೆಯನ್ನು ಚೆಲ್ಲಲು ಮನಸ್ಸಾಗಲಿಲ್ಲ. ಕಾಸು ಕೊಟ್ಟು ತಂದದ್ದಲ್ಲವೆ! ಅಡಿಗೆಮನೆಯ ಗೂಡಿನಲ್ಲಿಟ್ಟೆ. ತಿಂಗಳೊಪ್ಪತ್ತಿನ ಮೇಲೆ ಎರಡು ವರ್ಷದ ಮಗನಿಗೆ ನೆಗಡಿ, ಜ್ವರ. ಭಾನುವಾರದ ರಾತ್ರಿ. ಅಕ್ಕನಿಗೆ ಹಿಡಿಸಿದ ಔಷಧ ತಮ್ಮನಿಗೂ ಹಿಡಿಸೀತೆಂದು ಅದೇ ಸೀಸೆಯಿಂದ, ಅಕ್ಕನಿಗೆ ಕೊಡುತ್ತಿದ್ದ ಅಳತೆಯಲ್ಲಿಯೇ, ಊಟದ ಚಮಚದಿಂದ ಕುಡಿಸಿದೆ. ಒಂದು ಗಂಟೆಯೊಳಗೆ ಮೈಯೆಲ್ಲ ಗಂಧೆಗಳೆದ್ದು ತುಟಿ ಊದಿಕೊಂಡಿತು. ಉಸಿರಾಟದಲ್ಲಿ ಸಿಳ್ಳು ಕೇಳತೊಡಗಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ದೈವಕೃಪೆಯಿಂದ ಹುಡುಗನು ಉಳಿದುಕೊಂಡನು. ಆದರೆ ಅಲ್ಲಿಯ ವೈದ್ಯರು ನನ್ನನ್ನು ನಾಲ್ಕು ಪ್ರಶ್ನೆ ಕೇಳಿದರು: ಈ ಔಷಧವನ್ನು ಈ ಮಗುವಿಗೆ ಬರೆದವರು ಯಾರು, ನೀರು ಬೆರೆಸಿ ಎಷ್ಟು ದಿನವಾಯಿತು, ಮಗುವಿನ ತೂಕವೆಷ್ಟು, ಹಿಂದೆ ಈ ಔಷಧ ಕೊಟ್ಟಾಗ ಮೈಮೇಲೆ ಏನಾದರೂ ಎದ್ದಿತ್ತೆ ಎಂದು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ಖಾತೆಯಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಸಂಜೆಯವರೆಗೆ ಕುಳಿತು ಹುಡುಕುವ ನಾನು, ನನ್ನ ಮಗನ ವಿಷಯದಲ್ಲಿ ಲೆಕ್ಕವನ್ನೇ ಇಟ್ಟಿರಲಿಲ್ಲ.

ಆ ಬಳಿಕವೇ ಫ್ಲೆಮಿಂಗನ ಚರಿತ್ರೆಯನ್ನು ಹುಡುಕಿಕೊಂಡು ಓದಿದೆ. ಓದಿದಾಗ ಒಂದು ಮಾತು ತಿಳಿದು ನಾಚಿಕೆಯಾಯಿತು. ನಾನು ಮಾಡಿದ ತಪ್ಪನ್ನು ಹೋಲುವ ತಪ್ಪನ್ನು ಜನ ಮಾಡಿಯಾರೆಂದು ಆತನು ೧೯೪೫ರಲ್ಲಿಯೇ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿದ್ದನು.

ಅಲೆಗ್ಸಾಂಡರ್ ಫ್ಲೆಮಿಂಗನು ೧೮೮೧ನೆಯ ಇಸವಿ ಆಗಸ್ಟ್ ೬ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಡಾರ್ವೆಲ್ ಎಂಬ ಊರಿನ ಬಳಿ, ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ ಜನಿಸಿದನು. ತಂದೆ ಹ್ಯೂ ಫ್ಲೆಮಿಂಗ್ ಒಕ್ಕಲುತನದವನು. ತಾಯಿ ಗ್ರೇಸ್ ಆತನ ಎರಡನೆಯ ಹೆಂಡತಿ. ದೊಡ್ಡ ಸಂಸಾರ, ಗುಡ್ಡಗಾಡಿನ ನೆಲ, ಕುರಿ ದನಗಳ ನಡುವಣ ಬಾಳು. ಹುಡುಗನಿಗೆ ಏಳು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡನು. ಮಳೆ ಚಳಿಯೆನ್ನದೆ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಿದ್ದ ಆ ದಾರಿಯಲ್ಲಿ ಹಕ್ಕಿಗಳ ಗೂಡು, ಹಳ್ಳದ ಮೀನು, ಹುಲ್ಲಿನ ಮರೆಯ ಮೊಲ ಮುಂತಾದವನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಆತನಿಗೆ ಬಂದಿತು. ಮುಂದೆ ಆತನ ಕೀರ್ತಿಗೆಲ್ಲ ಈ ನೋಡುವ ಕಣ್ಣೇ ಮೂಲವಾಯಿತು.

ಹದಿಮೂರನೆಯ ವಯಸ್ಸಿನಲ್ಲಿ ಹುಡುಗನು ಹಳ್ಳಿಯನ್ನು ಬಿಟ್ಟು ಲಂಡನ್ನಿಗೆ ಬಂದನು. ಅಣ್ಣ ಟಾಮ್ ಅಲ್ಲಿ ವೈದ್ಯನಾಗಿದ್ದನು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಕೂಡಿ ಬಾಳಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಕ್ಕೆ ಬಂದು, ಮೊದಲು ಬಂದವನ ಆಸರೆಯಲ್ಲಿ ಇತರರು ನೆಲೆ ಕಂಡುಕೊಳ್ಳುವ ಈ ಕಥೆ ನಮ್ಮಲ್ಲಿ ಯಾರಿಗೆ ಅಪರಿಚಿತ? ಧಾರವಾಡದಿಂದಲೋ ವಿಜಯಪುರದಿಂದಲೋ ಮಂಗಳೂರಿನಿಂದಲೋ ಬಂದು, ಅಣ್ಣನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ ಕೆಲಸ ಹುಡುಕಿದವರು ನಮ್ಮ ಸಂಘದಲ್ಲಿಯೂ ಎಷ್ಟೋ ಮಂದಿ ಇದ್ದಾರೆ. ಲಂಡನ್ನಿನಲ್ಲಿ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಬಾಳಿದರೂ ಫ್ಲೆಮಿಂಗನು ತನ್ನ ಸ್ಕಾಟ್ ಉಚ್ಚಾರವನ್ನು ಬಿಡಲಿಲ್ಲವೆಂಬುದು ನಮಗೆ ಮೆಚ್ಚಿಕೆಯಾಗಬೇಕಾದ ಸಂಗತಿ.

ಪಾಲಿಟೆಕ್ನಿಕ್ ಶಾಲೆಯಲ್ಲಿ ಓದು ಮುಗಿಸಿ ಆತನು ಒಂದು ಹಡಗು ಕಂಪನಿಯ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದನು. ನಾಲ್ಕು ವರ್ಷಗಳ ಕಾಲ ಪತ್ರಗಳನ್ನೂ ಲೆಕ್ಕಗಳನ್ನೂ ಬರೆದನು. ಆ ಕೆಲಸ ಆತನಿಗೆ ಹಿಡಿಸಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಚಿಕ್ಕಪ್ಪನೊಬ್ಬನ ಆಸ್ತಿಯಿಂದ ೨೫೦ ಪೌಂಡುಗಳ ಪಾಲು ಬಂದಿತು. ಅಣ್ಣನು ವೈದ್ಯಕೀಯಕ್ಕೆ ಸೇರೆಂದು ಸಲಹೆ ಮಾಡಿದನು. ಲಂಡನ್ನಿನಲ್ಲಿ ಆಗ ಹನ್ನೆರಡು ವೈದ್ಯಶಾಲೆಗಳಿದ್ದವು. ಅವುಗಳಲ್ಲಿ ಪ್ಯಾಡಿಂಗ್ಟನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಶಾಲೆಯನ್ನು ಆತನು ಆರಿಸಿಕೊಂಡುದು, ಅವರ ತಂಡದೊಡನೆ ಹಿಂದೊಮ್ಮೆ ನೀರಿನಲ್ಲಿ ಪೋಲೋ ಆಡಿದ್ದ ಪರಿಚಯದಿಂದ! ೧೯೦೬ರಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದನು. ಶಸ್ತ್ರವೈದ್ಯನಾಗಬೇಕೆಂಬ ಮನಸ್ಸಿದ್ದರೂ, ಒಳ್ಳೆಯ ಗುರಿಕಾರನಾದ ಆತನನ್ನು ಆಸ್ಪತ್ರೆಯ ಬಂದೂಕು ಸಂಘವು ಕಳೆದುಕೊಳ್ಳಲು ಇಷ್ಟಪಡದೆ, ಸರ್ ಆಲ್ಮ್ರಾತ್ ರೈಟ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲಸ ಕೊಡಿಸಿತು. ಅಲ್ಲಿಂದ ಆತನು ಕೊನೆಯವರೆಗೂ ಕದಲಲಿಲ್ಲ. ಮನುಷ್ಯನ ಬಾಳಿನ ದಾರಿಯನ್ನು ಎಂತಹ ಸಣ್ಣ ಸಂಗತಿಗಳು ತಿರುಗಿಸುತ್ತವೆ!

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಫ್ಲೆಮಿಂಗನು ಸೈನ್ಯದ ವೈದ್ಯದಳದಲ್ಲಿ ಅಧಿಕಾರಿಯಾಗಿ ಫ್ರಾನ್ಸಿನ ಬೊಲೋನ್ ನಗರಕ್ಕೆ ಹೋದನು. ಜೂಜಿನ ಮಂದಿರವೊಂದನ್ನು ಅಲ್ಲಿ ಆಸ್ಪತ್ರೆಯಾಗಿ ಮಾರ್ಪಡಿಸಿದ್ದರು. ಗುಂಡಿಗಿಂತಲೂ ಗಾಯದ ಕೀವಿನಿಂದ ಸಾಯುವ ತರುಣರನ್ನು ಆತನು ದಿನವೂ ಕಂಡನು. ಆಗ ಗಾಯಕ್ಕೆ ಕಟುವಾದ ಕ್ರಿಮಿನಾಶಕಗಳನ್ನು ಸುರಿಯುವುದು ಪದ್ಧತಿ. ಫ್ಲೆಮಿಂಗನು ಗಾಜಿನ ನಳಿಗೆಯನ್ನು ಕಾಯಿಸಿ ಮುಳ್ಳುಮುಳ್ಳಾಗಿ ಎಳೆದು, ಸಂದುಗೊಂದಿಗಳುಳ್ಳ ಗಾಯದ ಮಾದರಿಯನ್ನು ಮಾಡಿ ತೋರಿಸಿದನು: ಕ್ರಿಮಿನಾಶಕವು ಆಳದ ಸಂದಿಗಳನ್ನು ಮುಟ್ಟುವುದಿಲ್ಲ, ಮೇಲಾಗಿ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತದೆ. ರೋಗಾಣುವನ್ನು ಕೊಲ್ಲಬೇಕು, ರೋಗಿಯ ಜೀವಕಣಕ್ಕೆ ನೋವಾಗಬಾರದು. ಅಂತಹ ವಸ್ತು ಎಲ್ಲಿದೆ? ಈ ಪ್ರಶ್ನೆ ಆತನ ಎದೆಯಲ್ಲಿ ನೆಟ್ಟುಕೊಂಡಿತು. ಯುದ್ಧದ ನಡುವೆಯೇ, ೧೯೧೫ರಲ್ಲಿ, ಐರ್ಲೆಂಡಿನ ದಾದಿ ಸೇರಾ ಮೆಕೆಲ್ರಾಯಳನ್ನು ಮದುವೆಯಾದನು. ೧೯೨೪ರಲ್ಲಿ ಹುಟ್ಟಿದ ಒಬ್ಬನೇ ಮಗ ರಾಬರ್ಟನು ಮುಂದೆ ವೈದ್ಯನಾದನು.

ಯುದ್ಧ ಮುಗಿದ ಮೇಲೆ ಆತನಿಗೆ ಮೊದಲ ಉತ್ತರ ದೊರೆತುದು ತನ್ನ ಮೂಗಿನಿಂದಲೇ. ೧೯೨೧ರಲ್ಲಿ ನೆಗಡಿಯಾಗಿದ್ದಾಗ ಸಿಂಬಳವನ್ನು ರೋಗಾಣುಗಳ ತಟ್ಟೆಯ ಮೇಲೆ ಹಾಕಿ ನೋಡಿದನು. ಅದರ ಸುತ್ತ ಒಂದು ಬಗೆಯ ಅಣುಜೀವಿಗಳು ಕರಗಿಹೋಗಿದ್ದವು. ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ, ಮೊಟ್ಟೆಯ ಬಿಳಿಯಲ್ಲಿಯೂ ಇದೇ ಗುಣ ಕಂಡಿತು. ಲೈಸೋಜೈಮ್ ಎಂದು ಅದಕ್ಕೆ ಹೆಸರಾಯಿತು. ಆದರೆ ಘೋರ ರೋಗಗಳನ್ನು ತರುವ ಅಣುಜೀವಿಗಳ ಮೇಲೆ ಅದರ ಆಟ ಸಾಗಲಿಲ್ಲ.

೧೯೨೮ರ ಬೇಸಗೆಯಲ್ಲಿ ಫ್ಲೆಮಿಂಗನು ಸಂಸಾರಸಮೇತ ಸಫಕ್ ಪ್ರಾಂತಕ್ಕೆ ರಜೆಗೆ ಹೋಗಿ ಸೆಪ್ಟೆಂಬರಿನಲ್ಲಿ ಹಿಂದಿರುಗಿದನು. ಆತನ ಮೇಜು ಎಂದೂ ಅಚ್ಚುಕಟ್ಟಾಗಿರುತ್ತಿರಲಿಲ್ಲ. ಕೀವುಗುಳ್ಳೆಗಳಿಗೆ ಕಾರಣವಾದ ಸ್ಟೆಫಿಲೊಕಾಕಸ್ ಎಂಬ ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಗಳು ರಾಶಿ ಬಿದ್ದಿದ್ದವು. ತೊಳೆಯಲು ಹಾಕುತ್ತಿದ್ದಾಗ ಒಂದು ತಟ್ಟೆ ಆತನ ಕಣ್ಣನ್ನು ಸೆಳೆಯಿತು. ಹಳಸಿದ ರೊಟ್ಟಿಯ ಮೇಲೆ ಬರುವಂತಹ ಬೂಷ್ಟು ಅದರ ಅಂಚಿನಲ್ಲಿ ಬೆಳೆದಿದ್ದಿತು. ಬೂಷ್ಟಿನ ಸುತ್ತಣ ರೋಗಾಣುಗಳು ಮಾಯವಾಗಿದ್ದವು. ದೂರದವು ಮಾತ್ರ ಹಾಗೆಯೇ ಇದ್ದವು. ಇನ್ನೊಬ್ಬನಾಗಿದ್ದರೆ ತಟ್ಟೆ ಕೆಟ್ಟಿತೆಂದು ಬಿಸಾಡುತ್ತಿದ್ದನು. ಬಾಲ್ಯದಿಂದಲೂ ನೋಡುವುದನ್ನು ಕಲಿತಿದ್ದ ಫ್ಲೆಮಿಂಗನು ಎತ್ತಿಟ್ಟುಕೊಂಡನು.

ಆ ಬೂಷ್ಟನ್ನು ಸಾರಿನಲ್ಲಿ ಬೆಳೆಸಿ, ಸೋಸಿ, ೮೦೦ ಪಾಲು ತೆಳುಮಾಡಿದರೂ ಅದು ರೋಗಾಣುಗಳನ್ನು ತಡೆಯುತ್ತಿದ್ದಿತು. ಬಿಳಿಯ ರಕ್ತಕಣಗಳಿಗೆ ಅದರಿಂದ ಬಾಧೆಯಿರಲಿಲ್ಲ. ಪೆನಿಸಿಲಿಯಂ ಜಾತಿಯ ಬೂಷ್ಟಾದುದರಿಂದ ೧೯೨೯ರ ಮಾರ್ಚಿನಲ್ಲಿ ಅದರ ಸಾರಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟು, ಅದೇ ವರ್ಷ ಸಂಶೋಧನ ಪತ್ರಿಕೆಯೊಂದರಲ್ಲಿ ಲೇಖನವನ್ನು ಪ್ರಕಟಿಸಿದನು. ಎಲ್ಲ ರೋಗಾಣುಗಳ ಮೇಲೂ ಅದು ಸಮನಾಗಿ ಕೆಲಸಮಾಡುವುದಿಲ್ಲವೆಂಬುದನ್ನೂ ಆಗಲೇ ಕಂಡಿದ್ದನು. ವಿಷಮಶೀತ ಜ್ವರದ ಅಣುಜೀವಿ ಅದಕ್ಕೆ ಜಗ್ಗಲಿಲ್ಲ. ಯಾವ ರೋಗಕ್ಕೆ ಯಾವ ಔಷಧವೆಂಬುದನ್ನು ವೈದ್ಯನೇ ನಿರ್ಣಯಿಸಬೇಕೆಂಬ ಪಾಠ ಮೊದಲ ದಿನವೇ ಬರೆದಿಟ್ಟಂತಾಯಿತು.

ಆ ಬೂಷ್ಟಿನ ಸಾರದಿಂದ ಗುಣವಾದರೆಂದು ದಾಖಲೆಯಿರುವ ಮೊತ್ತಮೊದಲಿನ ರೋಗಿಗಳಲ್ಲಿ ಹಸುಗೂಸುಗಳೂ ಇದ್ದವೆಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಷೆಫೀಲ್ಡ್ ನಗರದ ಸೆಸಿಲ್ ಪೇನ್ ಎಂಬ ವೈದ್ಯನು ೧೯೩೦ರಲ್ಲಿ, ಹುಟ್ಟುವಾಗಲೇ ಸೋಂಕು ತಗಲಿ ಕಣ್ಣು ಕೀವುಗಟ್ಟಿದ್ದ ಶಿಶುಗಳ ಕಣ್ಣಿಗೆ ಆ ಸಾರವನ್ನು ಹಾಕಿ ದೃಷ್ಟಿಯನ್ನುಳಿಸಿದನು. ಆದರೆ ಪೇನನು ಅದನ್ನು ಪ್ರಕಟಿಸಲಿಲ್ಲ. ಇತ್ತ ಫ್ಲೆಮಿಂಗನ ಸಹಾಯಕರು ಸಾರವನ್ನು ಶುದ್ಧಿಮಾಡಲು ಹೆಣಗಿದರು. ಅದು ಬೇಗ ಕೆಟ್ಟುಹೋಗುತ್ತಿದ್ದಿತು. ಹತ್ತು ವರ್ಷ ಪೆನಿಸಿಲಿನ್ ಪ್ರಯೋಗಶಾಲೆಯ ಮೂಲೆಯಲ್ಲಿಯೇ ಉಳಿಯಿತು. ಫ್ಲೆಮಿಂಗನು ಮಾತ್ರ ಬೂಷ್ಟಿನ ತಳಿಯನ್ನು ಜತನದಿಂದ ಕಾಪಾಡಿ, ಕೇಳಿದವರಿಗೆ ಕೊಡುತ್ತ ಬಂದನು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮುಂತಾದವರು ಈ ಕೆಲಸವನ್ನು ಕೈಗೆತ್ತಿಕೊಂಡರು. ೧೯೪೦ರ ಮೇ ೨೫ರಂದು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿದರು. ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವುದರೊಳಗೆ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದವು ಬದುಕಿದ್ದವು. ಜರ್ಮನರು ನಾಡಿನ ಮೇಲೆ ಬಿದ್ದರೆ ಬೂಷ್ಟಿನ ತಳಿ ನಾಶವಾಗದಿರಲೆಂದು ಆ ವಿಜ್ಞಾನಿಗಳು ತಮ್ಮ ಕೋಟಿನ ಒಳಬಟ್ಟೆಗೆ ಅದನ್ನು ಸವರಿಕೊಂಡಿದ್ದರು. ಹಾಲಿನ ಕ್ಯಾನು, ಸ್ನಾನದ ತೊಟ್ಟಿ, ರೋಗಿಗಳ ಮಲಪಾತ್ರೆ ಎಲ್ಲವೂ ಬೂಷ್ಟು ಬೆಳೆಸುವ, ಸಾರವನ್ನು ಶೇಖರಿಸುವ ಪಾತ್ರೆಗಳಾದವು.

೧೯೪೧ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ೪೩ ವಯಸ್ಸಿನ ಪೊಲೀಸನಿಗೆ ಮೊದಲ ಚಿಕಿತ್ಸೆ ನಡೆಯಿತು. ಮುಖವೆಲ್ಲ ಕೀವುಗಟ್ಟಿ ಒಂದು ಕಣ್ಣನ್ನು ಕಳೆದುಕೊಂಡಿದ್ದ ಆತನು ಒಂದೇ ದಿನದಲ್ಲಿ ಚೇತರಿಸಿಕೊಳ್ಳತೊಡಗಿದನು. ಔಷಧ ಸಾಲದೆ, ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮತ್ತೆ ತೆಗೆದು ಚುಚ್ಚಿದರು. ಐದು ದಿನಗಳಲ್ಲಿ ಅದೂ ಮುಗಿಯಿತು. ಸೋಂಕು ಮರಳಿ ಹೆಡೆಯೆತ್ತಿ ಮಾರ್ಚಿ ೧೫ರಂದು ಆತನು ಅಸುನೀಗಿದನು. ಅರ್ಧಕ್ಕೆ ನಿಂತ ಚಿಕಿತ್ಸೆಯ ಫಲವೇನೆಂಬುದಕ್ಕೆ ಇದಕ್ಕಿಂತ ದಾರುಣವಾದ ಉದಾಹರಣೆ ಬೇಕೆ? ಆತನಿಗೆ ಔಷಧ ಲೋಕದಲ್ಲಿಯೇ ಇರಲಿಲ್ಲ. ನಾನು ಇದ್ದ ಔಷಧವನ್ನು ಗೂಡಿನಲ್ಲಿ ಬಚ್ಚಿಟ್ಟೆ. ಆ ಬಳಿಕ ಆಕ್ಸ್‌ಫರ್ಡಿನವರು ಮಕ್ಕಳ ಚಿಕಿತ್ಸೆಗೆ ಹೆಚ್ಚು ಗಮನ ಕೊಟ್ಟರು. ಏಕೆಂದರೆ ಸಣ್ಣ ಮೈಗೆ ಸಣ್ಣ ಅಳತೆ ಸಾಕು. ಮಗುವಿನ ಔಷಧಕ್ಕೆ ಮಗುವಿನ ತೂಕವೇ ಆಧಾರವೆಂಬುದನ್ನು ಇಲ್ಲಿಯೂ ಕಾಣಬಹುದು.

ಅದೇ ವರ್ಷ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋದರು. ಇಲಿನಾಯ್ ಸಂಸ್ಥಾನದ ಪಿಯೋರಿಯ ನಗರದ ಪ್ರಯೋಗಶಾಲೆಯಲ್ಲಿ, ಮೆಕ್ಕೆಜೋಳದ ಹಿಟ್ಟು ತೆಗೆದ ಮೇಲೆ ಉಳಿಯುವ ರಸದಲ್ಲಿ ಬೂಷ್ಟು ಹುಲುಸಾಗಿ ಬೆಳೆಯುವುದೆಂದು ತಿಳಿಯಿತು. ಬೂಷ್ಟು ಹಿಡಿದ ಖರಬೂಜ ಹಣ್ಣಿನಿಂದ ಇನ್ನೂ ಒಳ್ಳೆಯ ತಳಿ ಸಿಕ್ಕಿತು. ೧೯೪೪ರಲ್ಲಿ ಸೇನೆ ಫ್ರಾನ್ಸಿನ ದಡಕ್ಕಿಳಿಯುವ ಹೊತ್ತಿಗೆ ಗಾಯಾಳುಗಳಿಗೆ ಬೇಕಾಗುವಷ್ಟು ಪೆನಿಸಿಲಿನ್ ಸಿದ್ಧವಾಗಿದ್ದಿತು. ೧೯೪೨ರಲ್ಲಿ ಫ್ಲೆಮಿಂಗನೂ ಮಿದುಳುಪೊರೆಯ ಸೋಂಕಿನಿಂದ ಸಾವಿನಂಚಿನಲ್ಲಿದ್ದ ಪರಿಚಿತನೊಬ್ಬನಿಗೆ ಫ್ಲೋರಿಯಿಂದ ಔಷಧವನ್ನು ತರಿಸಿ, ಬೆನ್ನುಹುರಿಯ ದ್ರವದೊಳಕ್ಕೆ ಚುಚ್ಚಿ ಬದುಕಿಸಿದನು.

ಅಲ್ಲಿಂದ ಕೀರ್ತಿಯ ಹೊಳೆ ಹರಿಯಿತು. ೧೯೪೪ರಲ್ಲಿ ಸರ್ ಪದವಿ, ೧೯೪೫ರಲ್ಲಿ ಫ್ಲೋರಿ ಮತ್ತು ಚೈನರೊಡನೆ ನೊಬೆಲ್ ಪಾರಿತೋಷಕ ಬಂದವು. ಪೆನಿಸಿಲಿನ್ನನ್ನು ತಯಾರಿಸಿದುದು ಪ್ರಕೃತಿ, ತಾನು ಅಕಸ್ಮಾತ್ತಾಗಿ ಅದನ್ನು ಕಂಡವನಷ್ಟೆ ಎಂಬುದು ಆತನ ವಿನಯದ ನಿಲುವು. ಮಹಾಪುರುಷರ ಸುತ್ತ ಕಟ್ಟುಕಥೆಗಳೂ ಬೆಳೆಯುತ್ತವೆ. ಫ್ಲೆಮಿಂಗನ ತಂದೆ ಬಾಲಕ ಚರ್ಚಿಲ್ಲನನ್ನು ಕೆಸರಿನಿಂದ ಎತ್ತಿ ಉಳಿಸಿದನೆಂದೂ, ಆ ಉಪಕಾರಕ್ಕಾಗಿ ಚರ್ಚಿಲ್ಲನ ತಂದೆ ಫ್ಲೆಮಿಂಗನನ್ನು ಓದಿಸಿದನೆಂದೂ, ಮುಂದೆ ಚರ್ಚಿಲ್ಲನ ಜ್ವರವನ್ನು ಪೆನಿಸಿಲಿನ್ ಗುಣಪಡಿಸಿತೆಂದೂ ಒಂದು ಕಥೆ ಇಂದಿಗೂ ಮೊಬೈಲುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಫ್ಲೆಮಿಂಗನೇ ಅದನ್ನು ಅಲ್ಲಗಳೆದಿದ್ದನು. ೧೯೪೩ರಲ್ಲಿ ಚರ್ಚಿಲ್ಲನಿಗೆ ಕೊಟ್ಟುದು ಸಲ್ಫಾ ಜಾತಿಯ ಬೇರೊಂದು ಔಷಧ.

ಆತನ ಬಾಳಿನಲ್ಲಿ ನನಗೆ ಅತ್ಯಂತ ಹಿರಿದಾಗಿ ಕಾಣುವುದು ೧೯೪೫ರ ಡಿಸೆಂಬರ್ ೧೧ರ ನೊಬೆಲ್ ಉಪನ್ಯಾಸ. ಲೋಕವೆಲ್ಲ ಪೆನಿಸಿಲಿನ್ನನ್ನು ಹೊಗಳುತ್ತಿದ್ದ ಆ ಗಳಿಗೆಯಲ್ಲಿ ಆತನು ಮುಂದಿನ ಅಪಾಯವನ್ನು ನುಡಿದನು. ಅಂಗಡಿಯಲ್ಲಿ ಯಾರು ಬೇಕಾದರೂ ಈ ಔಷಧವನ್ನು ಕೊಳ್ಳುವ ಕಾಲ ಬಂದೀತು. ತಿಳಿಯದವನು ಸಾಲದಷ್ಟು ತೆಗೆದುಕೊಂಡು, ರೋಗಾಣುಗಳನ್ನು ಕೊಲ್ಲದೆ ಅವಕ್ಕೆ ಔಷಧವನ್ನು ಎದುರಿಸುವ ವಿದ್ಯೆ ಕಲಿಸಿಯಾನು ಎಂದನು. ಅದಕ್ಕೊಂದು ಕಲ್ಪಿತ ದೃಷ್ಟಾಂತವನ್ನೂ ಕೊಟ್ಟನು. ಒಬ್ಬ ಗೃಹಸ್ಥನು ಗಂಟಲು ನೋವಿಗೆ ತಾನಾಗಿಯೇ ಸ್ವಲ್ಪ ಪೆನಿಸಿಲಿನ್ ತೆಗೆದುಕೊಳ್ಳುತ್ತಾನೆ. ಪಳಗಿದ ರೋಗಾಣು ಹೆಂಡತಿಗೆ ಅಂಟುತ್ತದೆ. ಆಕೆಗೆ ನ್ಯುಮೋನಿಯ ಬರುತ್ತದೆ, ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಗಂಡನ ಅಜಾಗರೂಕತೆಯೇ ಹೊಣೆಯಲ್ಲವೆ ಎಂಬುದು ಆತನ ತಾತ್ಪರ್ಯ. ಇದನ್ನೋದಿದಾಗ ನನ್ನ ಅಡಿಗೆಮನೆಯ ಗೂಡು ಕಣ್ಣಮುಂದೆ ನಿಂತಿತು.

೧೯೪೯ರಲ್ಲಿ ಹೆಂಡತಿ ತೀರಿಕೊಂಡಳು. ೧೯೫೩ರಲ್ಲಿ ಗ್ರೀಸಿನ ವಿಜ್ಞಾನಿ ಅಮಾಲಿಯಾಳನ್ನು ಫ್ಲೆಮಿಂಗನು ವರಿಸಿದನು. ೧೯೫೫ರ ಮಾರ್ಚಿ ೧೧ರಂದು ಲಂಡನ್ನಿನಲ್ಲಿ ಹೃದಯಾಘಾತದಿಂದ ಮರಣಹೊಂದಿದನು. ಆತನ ಚಿತಾಭಸ್ಮವನ್ನು ಸೇಂಟ್ ಪಾಲ್ಸ್ ಮಹಾಮಂದಿರದಲ್ಲಿ ಇರಿಸಿದ್ದಾರೆ. ನಮ್ಮ ಪುಣೆಯ ಮಗ್ಗುಲಿನ ಪಿಂಪ್ರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳ ನೆರವಿನಿಂದ ೧೯೫೪ರಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಪೆನಿಸಿಲಿನ್ ತಯಾರಿಸತೊಡಗಿದುದೂ ೧೯೫೫ರಲ್ಲಿಯೇ. ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿ ೧೯೮೧ರಲ್ಲಿ ಹುಟ್ಟಿತು. ಲಂಡನ್ನಿನ ಒಂದು ತಟ್ಟೆಯ ಬೂಷ್ಟು ನಮ್ಮ ಹೊಸ ಊರಿಗೂ ಹಳೆಯ ಊರಿಗೂ ಹೀಗೆ ಬಂದು ತಲುಪಿತು.

ಇನ್ನು ಆತನ ಬಾಳಿನಿಂದ ಮಕ್ಕಳೊಂದಿಗರಾದ ನಾವು ಕಲಿಯಬೇಕಾದುದೇನು? ವೈದ್ಯರಿಂದ ಕೇಳಿ, ನಮ್ಮ ಮನೆಯಲ್ಲಿ ಪಾಲಿಸಿಕೊಂಡು ಬಂದಿರುವ ಕೆಲವು ನಿಯಮಗಳನ್ನು ಓದುಗರೊಡನೆ ಹಂಚಿಕೊಳ್ಳುತ್ತೇನೆ.

ಮೊದಲನೆಯದಾಗಿ, ಪೆನಿಸಿಲಿನ್ ರೋಗಾಣುವಿನ ಗೋಡೆಯನ್ನು ಕಟ್ಟಗೊಡದೆ ಅದನ್ನು ಒಡೆಯುತ್ತದೆ. ನಮ್ಮ ಜೀವಕಣಗಳಿಗೆ ಅಂತಹ ಗೋಡೆಯಿಲ್ಲ. ಆದುದರಿಂದ ನಮಗೆ ಆ ಬಗೆಯ ಹಾನಿಯಿಲ್ಲ. ನೆಗಡಿ, ಫ್ಲೂ ಮುಂತಾದವನ್ನು ತರುವ ವೈರಸ್ಸಿಗೂ ಗೋಡೆಯಿಲ್ಲ. ಆದುದರಿಂದ ಅದಕ್ಕೆ ಪೆನಿಸಿಲಿನ್ನಿನ ಭಯವೂ ಇಲ್ಲ. ಈ ವರ್ಗದ ಬೇರೆ ಔಷಧಗಳೂ ವೈರಸ್ಸನ್ನು ಕೊಲ್ಲಲಾರವು. ವೈದ್ಯರು ಬೇಡವೆಂದಾಗ ಹಟ ಹಿಡಿದು ಬರೆಸಿಕೊಳ್ಳಬಾರದು. ಚೀಟಿಯಿಲ್ಲದೆ ಅಂಗಡಿಯಿಂದ ತರಲೂಬಾರದು. ೨೦೧೬ರಲ್ಲಿ ನಮ್ಮ ಸರಕಾರವು ಔಷಧದ ಹೊದಿಕೆಯ ಮೇಲಿನ ಕೆಂಪು ಗೆರೆಯನ್ನು ಗಮನಿಸಿರೆಂದು ಪ್ರಚಾರ ಮಾಡಿತು. ವೈದ್ಯರ ಚೀಟಿಯಿಲ್ಲದೆ ಮುಟ್ಟಬೇಡವೆಂಬುದೇ ಆ ಗೆರೆಯ ಅರ್ಥ.

ಎರಡನೆಯದಾಗಿ, ಔಷಧ ಬರೆಯುವಾಗ ಮಗುವಿನ ಈಗಿನ ತೂಕ, ಹಿಂದೆ ಯಾವ ಔಷಧದಿಂದಲಾದರೂ ದದ್ದು, ಊತ ಬಂದಿದ್ದರೆ ಆ ವಿಷಯ, ಈಗ ಕೊಡುತ್ತಿರುವ ಇತರ ಔಷಧಗಳು, ಇವಿಷ್ಟನ್ನೂ ತಪ್ಪದೆ ತಿಳಿಸಬೇಕು. ದೊಡ್ಡವರಿಗೆ ಹಿಡಿಸುವ ಎಲ್ಲವೂ ಮಕ್ಕಳಿಗೆ ಸಲ್ಲದು. ಟೆಟ್ರಸೈಕ್ಲಿನ್ ಎಂಬುದನ್ನು ಎಂಟು ವರ್ಷದೊಳಗಿನವರಿಗೆ ಕೊಟ್ಟರೆ ಹಲ್ಲುಗಳಿಗೆ ಶಾಶ್ವತವಾದ ಕಲೆ ಬೀಳಬಹುದು.

ಮೂರನೆಯದು ಅಳತೆ. ಮಕ್ಕಳ ಔಷಧ ಬಹುತೇಕ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ. ಜೊತೆಗೆ ಕೊಟ್ಟ ನೀರನ್ನು, ಇಲ್ಲದಿದ್ದರೆ ಕುದಿಸಿ ಆರಿಸಿದ ನೀರನ್ನು, ಸೀಸೆಯ ಮೇಲಿನ ಗುರುತಿನವರೆಗೆ ಬೆರೆಸಿ ಕುಲುಕಬೇಕು. ಬಿಸಿನೀರು ಕೂಡದು. ಪ್ರತಿ ಸಲ ಕೊಡುವ ಮುನ್ನವೂ ಕುಲುಕಬೇಕು. ಇಲ್ಲವಾದರೆ ಮೊದಲ ದಿನ ತೆಳುವಾದುದೂ ಕೊನೆಯ ದಿನ ಗಟ್ಟಿಯಾದುದೂ ಹೊಟ್ಟೆಗೆ ಹೋಗುತ್ತದೆ. ಒಂದೇ ಹೆಸರಿನ ಔಷಧ ಒಂದು ಸೀಸೆಯಲ್ಲಿ ೫ ಮಿಲಿಲೀಟರಿಗೆ ೧೨೫ ಮಿಲಿಗ್ರಾಂ, ಇನ್ನೊಂದರಲ್ಲಿ ೨೫೦ ಮಿಲಿಗ್ರಾಂ ಇರುತ್ತದೆ. ಹನಿಯ ರೂಪದ್ದು ಇನ್ನೂ ಗಟ್ಟಿ. ಚೀಟಿಯನ್ನೂ ಸೀಸೆಯನ್ನೂ ತಾಳೆ ನೋಡದೆ ಕೊಡಕೂಡದು. ಅಡಿಗೆಮನೆಯ ಎರಡು ಚಮಚಗಳು ಒಂದಕ್ಕೊಂದು ಸಮನಾಗಿರುವುದಿಲ್ಲ. ಗೆರೆ ಹಾಕಿದ ಅಳತೆಯ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಬೇಕು. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಹಾಲಿನ ಬಾಟಲಿಗೆ ಬೆರೆಸಿದರೆ, ಹಾಲು ಉಳಿದಾಗ ಔಷಧವೂ ಉಳಿದುಹೋಗುತ್ತದೆ. ಮಿಠಾಯಿಯೆಂದು ಹೇಳಿ ಕೊಡಲೇಬಾರದು. ಮರೆಯಲ್ಲಿ ಮಗು ತಾನೇ ಕುಡಿದೀತು.

ನಾಲ್ಕನೆಯದು ಹೊತ್ತು. ವೈದ್ಯರು ಹೇಳಿದ ಅಂತರದಲ್ಲಿಯೇ ಕೊಡಬೇಕು. ಒಂದು ಸಲ ಮರೆತರೆ ನೆನಪಾದೊಡನೆ ಕೊಡಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಬಿಟ್ಟುಬಿಡಬೇಕು. ಎರಡು ಅಳತೆಯನ್ನು ಒಟ್ಟಿಗೆ ಕೊಡಲಾಗದು. ಕುಡಿಸಿದೊಡನೆ ವಾಂತಿಯಾದರೆ ಮತ್ತೆ ಕೊಡಬೇಕೆ ಎಂದು ವೈದ್ಯರನ್ನೇ ಕೇಳುವುದು ಸುರಕ್ಷಿತ. ಹಿಂದೊಮ್ಮೆ ನಾನೂ ನನ್ನ ಹೆಂಡತಿಯೂ ಒಬ್ಬರಿಗೊಬ್ಬರು ತಿಳಿಯದೆ ಒಂದೇ ಹೊತ್ತಿನ ಔಷಧವನ್ನು ಎರಡು ಸಲ ಕುಡಿಸಿದುದುಂಟು. ಬ್ಯಾಂಕಿನಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡಿ ಒಪ್ಪದೆ ಹಣ ಕದಲುವುದಿಲ್ಲ. ಈಗ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದೆ: ತಾರೀಖು, ಹೊತ್ತು, ಅಳತೆ, ಕೊಟ್ಟವರ ಸಹಿ. ಸಹಿಯಿಲ್ಲದೆ ಸೀಸೆಯ ಮುಚ್ಚಳ ತೆರೆಯುವಂತಿಲ್ಲ.

ಐದನೆಯದು ಅವಧಿ. ಜ್ವರ ಇಳಿದುದೇ ರೋಗ ಹೋಯಿತೆಂಬುದರ ಗುರುತಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದಾದ ಗಂಟಲು ಬೇನೆಗೆ ಸರಿಯಾದ ಚಿಕಿತ್ಸೆಯಾಗದಿದ್ದರೆ ಮುಂದೆ ಕೀಲುವಾತದ ಜ್ವರ ಬಂದು ಹೃದಯದ ಕವಾಟಗಳು ಕೆಡಬಹುದು. ಆದ್ದರಿಂದಲೇ ಅದಕ್ಕೆ ಬಾಯಿಯಿಂದ ಕೊಡುವ ಪೆನಿಸಿಲಿನ್ ಸಾಮಾನ್ಯವಾಗಿ ಹತ್ತು ದಿನದ್ದು. ಕೆಲವು ಬೇನೆಗಳಿಗೆ ಕಡಿಮೆ ದಿನ ಸಾಕೆಂಬುದನ್ನು ಈಚಿನ ವೈದ್ಯವಿಜ್ಞಾನವು ತೋರಿಸಿದೆ. ಫ್ಲೆಮಿಂಗನು ಸಾಲದ ಅಳತೆಗೆ ಅಂಜಿದನು. ಬೇಡದ ಔಷಧವೂ ಅಷ್ಟೇ ಕೆಡುಕೆಂದು ಅನಂತರದ ಕಾಲ ಕಂಡುಕೊಂಡಿತು. ಆದುದರಿಂದ ದಿನಗಳನ್ನು ಕಡಿಮೆ ಮಾಡುವುದಾಗಲಿ ಹೆಚ್ಚಿಸುವುದಾಗಲಿ ನಮ್ಮ ಕೆಲಸವಲ್ಲ. ಎರಡು ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ಮಗು ಮಂಕಾದರೆ, ನೀರು ಕುಡಿಯದಿದ್ದರೆ, ಉಸಿರಿಗೆ ಕಷ್ಟಪಟ್ಟರೆ ಅಷ್ಟು ದಿನವೂ ಕಾಯಲಾಗದು.

ಆರನೆಯದು ಎಚ್ಚರ. ಸ್ವಲ್ಪ ಭೇದಿಯಾಗುವುದುಂಟು, ನೀರು, ಓಆರ್‌ಎಸ್ ಕೊಡುತ್ತಿರಬೇಕು, ಭೇದಿ ಹೆಚ್ಚಿದರೆ ಅಥವಾ ರಕ್ತ ಕಂಡರೆ ವೈದ್ಯರಿಗೆ ತೋರಿಸಬೇಕು. ದದ್ದು ಎದ್ದರೆ ಮುಂದಿನ ಅಳತೆಗೆ ಮುಂಚೆ ವೈದ್ಯರನ್ನು ಕೇಳಬೇಕು. ತುಟಿ, ಮುಖ ಊದಿದರೆ, ಉಸಿರು ಸಿಳ್ಳಿಟ್ಟರೆ, ಮಗು ಕುಸಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು, ಇಲ್ಲವೆ ೧೦೮ಕ್ಕೆ ಕರೆಮಾಡಬೇಕು. ಅಂತಹ ಔಷಧದ ಹೆಸರನ್ನು ಬರೆದಿಟ್ಟು ಪ್ರತಿ ವೈದ್ಯರಿಗೂ ತೋರಿಸಬೇಕು.

ಕೊನೆಯದು, ಉಳಿಸಬಾರದು. ನೀರು ಬೆರೆಸಿದ ಔಷಧ ಸೀಸೆಯ ಮೇಲೆ ಹೇಳಿರುವಷ್ಟು ದಿನ ಮಾತ್ರ ಚೆನ್ನಾಗಿರುತ್ತದೆ. ಹಲವಕ್ಕೆ ಅದು ಒಂದೇ ವಾರ. ತಂಪಿನಲ್ಲಿಡಬೇಕೆಂದಿದ್ದರೆ ಫ್ರಿಜ್ಜಿನಲ್ಲಿಡಬೇಕು, ಹೆಪ್ಪುಗಟ್ಟುವ ಖಾನೆಯಲ್ಲಿ ಬೇಡ. ಉಳಿದುದನ್ನು ತಮ್ಮನಿಗೆ, ನೆರೆಮನೆಯ ಕೂಸಿಗೆ, ಮುಂದಿನ ಮಳೆಗಾಲಕ್ಕೆ ಎಂದು ಎತ್ತಿಡಬಾರದು.

ಊರಿನಲ್ಲಿದ್ದಿದ್ದರೆ ಮಗುವಿಗೆ ಜ್ವರ ಬಂದಾಗ ಅಜ್ಜಿ, ದೊಡ್ಡಮ್ಮ, ಅತ್ತೆ ಎಂದು ನಾಲ್ಕು ಜನ ಸುತ್ತುವರಿಯುತ್ತಿದ್ದರು. ಪರಸ್ಥಳದಲ್ಲಿ ಎರಡು ಕೋಣೆಯ ಮನೆಯಲ್ಲಿ, ನಡುರಾತ್ರಿ, ಗಂಡಹೆಂಡಿರಿಬ್ಬರೇ ಮುಖಮುಖ ನೋಡಿಕೊಳ್ಳುವ ನಮಗೆ ಬರೆದಿಟ್ಟ ಲೆಕ್ಕವೇ ಹಿರಿಯರ ಸ್ಥಾನದಲ್ಲಿ ನಿಲ್ಲುತ್ತದೆ. ಹಡಗು ಕಂಪನಿಯ ಗುಮಾಸ್ತೆಯಾಗಿದ್ದ ಒಬ್ಬ ಹಳ್ಳಿಯ ಹುಡುಗನು ಎಲ್ಲರೂ ಬಿಸಾಡುವಂತಹ ತಟ್ಟೆಯನ್ನು ಗಮನವಿಟ್ಟು ನೋಡಿ ಲೋಕಕ್ಕೆ ಸಂಜೀವಿನಿಯನ್ನು ಕೊಟ್ಟನು. ಬ್ಯಾಂಕಿನ ಗುಮಾಸ್ತೆಯಾದ ನಾನು ಸೀಸೆಯ ಮೇಲಿನ ಅಕ್ಷರಗಳನ್ನಾದರೂ ಗಮನವಿಟ್ಟು ಓದಬೇಡವೆ? ನಮ್ಮ ಮಗನಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಈ ರಾಜ್ಯೋತ್ಸವದಲ್ಲಿ ನಾಡಗೀತೆಯನ್ನು ಹಾಡುವ ಮಕ್ಕಳ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನು ಅವನೇ. ಅವನ ಶಾಲೆಯ ಚೀಲದೊಳಗೆ ಅವನಿಗೆ ಒಗ್ಗದ ಔಷಧದ ಹೆಸರನ್ನು ಬರೆದ ಒಂದು ಚೀಟಿಯನ್ನು ಇಟ್ಟಿದ್ದೇವೆ.